ಬೆಲ್ಲದ ಪೊಟ್ಟಣಕ್ಕೆ ಲೇಬಲ್: ಮುದ್ರಣ ಉದ್ಯಮದ ಹೊಸ ದಾರಿಗಳು, ತೊಡಕುಗಳು ಮತ್ತು ರೈತರು ತಿಳಿದಿರಬೇಕಾದ ಲೆಕ್ಕ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರು ಹರಿಯುವ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕಬ್ಬು ಮುಖ್ಯವಾದ ವಾಣಿಜ್ಯ ಬೆಳೆ. ಬೆಳೆದ ಕಬ್ಬಿನಲ್ಲಿ ಹೆಚ್ಚಿನ ಪಾಲು ಸಕ್ಕರೆ ಕಾರ್ಖಾನೆಗಳಿಗೆ ಹೋಗುತ್ತದೆ. ಉಳಿದದ್ದು ಗಾಣಕ್ಕೆ ಬಂದು ಬೆಲ್ಲವಾಗುತ್ತದೆ. ಮಹಾಲಿಂಗಪುರದ ಬೆಲ್ಲದ ಪೇಟೆ ಈ ಭಾಗದ ರೈತರಿಗೆಲ್ಲ ಪರಿಚಿತವಾದದ್ದು. ಪೆಂಟಿ ಬೆಲ್ಲ ಪೇಟೆಗೆ ಹೋದರೆ ಅದರ ಮೇಲೆ ಮಾಡಿದವನ ಹೆಸರು ಇರುವುದಿಲ್ಲ. ಅಂದಿನ ಧಾರಣೆ ಎಷ್ಟೋ ಅಷ್ಟೇ ಕೈಗೆ ಬರುತ್ತದೆ. ಆದುದರಿಂದ ಈಚಿನ ವರ್ಷಗಳಲ್ಲಿ ಅನೇಕ ರೈತರು ಮತ್ತು ಸ್ವಸಹಾಯ ಸಂಘದ ಮಹಿಳೆಯರು ಅರ್ಧ ಕಿಲೋ, ಒಂದು ಕಿಲೋ ಅಚ್ಚು ಬೆಲ್ಲ, ಬೆಲ್ಲದ ಪುಡಿ, ಅರಿಸಿನ ಪುಡಿ, ಒಣದ್ರಾಕ್ಷಿ, ಶೇಂಗಾ ಹಿಂಡಿ, ಖಡಕ್ ರೊಟ್ಟಿ ಮುಂತಾದವನ್ನು ತಾವೇ ಪೊಟ್ಟಣ ಕಟ್ಟಿ ಮಾರಲು ಮುಂದಾಗಿದ್ದಾರೆ.

ಪೊಟ್ಟಣ ಎಂದೊಡನೆ ಅದರ ಮೇಲೆ ಲೇಬಲ್ ಬೇಕು. ಇದನ್ನು ಸಣ್ಣ ಸಂಗತಿಯೆಂದು ಬಗೆದು ಮುದ್ರಣಾಲಯಕ್ಕೆ ಹೋಗಿ, ‘ಹೆಚ್ಚು ಹೊಡೆಸಿದರೆ ಅಗ್ಗ’ ಎಂಬ ಮಾತಿಗೆ ಹತ್ತು ಸಾವಿರ ಲೇಬಲ್ ಹೊಡೆಸಿ, ಮೂರು ಸಾವಿರ ಬಳಸುವಷ್ಟರಲ್ಲಿ ಉಳಿದದ್ದನ್ನು ರದ್ದಿಗೆ ಹಾಕುವ ಪ್ರಸಂಗ ಬರುವುದುಂಟು. ಮಳೆಗಾಲದಲ್ಲಿ ಲೇಬಲ್ ಕಿತ್ತು ಬಂದು ಅಂಗಡಿಯವರು ಮಾಲು ಹಿಂತಿರುಗಿಸುವುದೂ ಉಂಟು. ಲೇಬಲ್ ಹೇಗೆ ತಯಾರಾಗುತ್ತದೆ, ಆ ಉದ್ಯಮ ಎತ್ತ ಸಾಗಿದೆ, ಅದರ ತೊಡಕುಗಳೇನು ಎಂಬುದನ್ನು ತಿಳಿದುಕೊಂಡರೆ ಇಂಥ ನಷ್ಟವನ್ನು ತಪ್ಪಿಸಬಹುದು.

ಲೇಬಲ್ ನಿಮಗೆ ಹೊಸದಲ್ಲ

ರೈತ ಬಾಂಧವರೇ, ಕೊಳ್ಳುವವರಾಗಿ ನೀವು ಲೇಬಲ್ಲನ್ನು ಬಹುಕಾಲದಿಂದ ಬಲ್ಲಿರಿ. ಬೀಜದ ಚೀಲಕ್ಕೆ ನೀಲಿ ಚೀಟಿ ಇದ್ದರೆ ಅದು ಪ್ರಮಾಣಿತ ಬೀಜ, ಬಿಳಿ ಇದ್ದರೆ ಮೂಲ ಬೀಜ, ಹೊಂಬಣ್ಣದ ಹಳದಿ ಇದ್ದರೆ ತಳಿವರ್ಧಕ ಬೀಜ ಎಂದು ಗುರುತಿಸುವಿರಿ. ಕೀಟನಾಶಕದ ಡಬ್ಬಿಯ ಮೇಲಿನ ತ್ರಿಕೋನ ಕೆಂಪಾಗಿದ್ದರೆ ಅದು ಅತ್ಯಂತ ವಿಷಕಾರಿ. ಹಳದಿ, ನೀಲಿ, ಹಸಿರು ಎಂಬ ಕ್ರಮದಲ್ಲಿ ವಿಷದ ತೀವ್ರತೆ ಕಡಿಮೆಯಾಗುತ್ತದೆ. ಒಂದು ಬಣ್ಣ ತಪ್ಪಾಗಿ ಅಚ್ಚಾದರೆ ಎಂಥ ಅನಾಹುತವಾದೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೇಬಲ್ ಎಂದರೆ ಅಲಂಕಾರದ ಕಾಗದವಲ್ಲ. ಅದು ಮಾರುವವನು ಕೊಳ್ಳುವವನಿಗೆ ಬರೆದುಕೊಟ್ಟ ವಚನ. ಇಷ್ಟು ದಿನ ಆ ವಚನವನ್ನು ಓದುತ್ತಿದ್ದ ನೀವು ಈಗ ಅದನ್ನು ಬರೆದುಕೊಡುವ ಸ್ಥಾನಕ್ಕೆ ಬಂದಿದ್ದೀರಿ.

ಅಂಟು ಲೇಬಲ್ಲಿನ ರಚನೆ

ಹಿಂದೆ ಲೇಬಲ್ಲೆಂದರೆ ಬರಿಯ ಕಾಗದ. ಮೈದಾ ಹಿಟ್ಟಿನ ಸರಿಯಿಂದಲೋ ಗೋಂದಿನಿಂದಲೋ ಅಂಟಿಸುತ್ತಿದ್ದರು. ತಮಿಳುನಾಡಿನ ಶಿವಕಾಶಿ ಇಂದು ಮುದ್ರಣಕ್ಕೆ ಹೆಸರಾಗಿದೆ. 1920ರ ದಶಕದಲ್ಲಿ ಅಲ್ಲಿ ಬೆಂಕಿಪೊಟ್ಟಣದ ಉದ್ಯಮ ಆರಂಭವಾಯಿತು. ಆ ಪೊಟ್ಟಣಗಳಿಗೆ ಚೀಟಿ ಬೇಕಾಗಿ ಮುದ್ರಣವೂ ಅಲ್ಲಿ ಬೇರೂರಿತು. ತಾನಾಗಿ ಅಂಟುವ ಲೇಬಲ್ಲನ್ನು 1935ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಸ್ಟ್ಯಾಂಟನ್ ಏವರಿ ಎಂಬುವರು ತಯಾರಿಸಿದರು. ಇಂದು ನಾವು ‘ಸ್ಟಿಕ್ಕರ್’ ಎಂದು ಕರೆಯುವುದು ಅದನ್ನೇ.

ಇಂಥ ಲೇಬಲ್ಲಿನಲ್ಲಿ ಮೂರು ಪದರಗಳಿವೆ.

1. ಮೇಲಿನ ಪದರ: ಇದರ ಮೇಲೆ ಮುದ್ರಣವಾಗುತ್ತದೆ. ಇದು ಕಾಗದವಾಗಿರಬಹುದು, ಇಲ್ಲವೇ ಪಾಲಿಪ್ರೊಪಿಲೀನ್, ಪಾಲಿಥೀನ್ ಮುಂತಾದ ಪ್ಲಾಸ್ಟಿಕ್ ಹಾಳೆಯಾಗಿರಬಹುದು.

2. ನಡುವಿನ ಅಂಟು: ಶಾಶ್ವತವಾಗಿ ಹಿಡಿಯುವ ಅಂಟು, ಕಿತ್ತರೆ ಸುಲಭವಾಗಿ ಬರುವ ಅಂಟು ಎಂದು ಎರಡು ಬಗೆ. ತಣ್ಣಗಿನ ಅಥವಾ ತೇವದ ಡಬ್ಬಿಗೆ ಹಿಡಿಯುವ ಅಂಟು ಬೇರೆಯೇ ಇದೆ.

3. ಹಿಂಬದಿ ಕಾಗದ: ಸಿಲಿಕೋನ್ ಲೇಪನ ಮಾಡಿದ ನುಣುಪಾದ ಕಾಗದ. ಲೇಬಲ್ಲನ್ನು ಬಿಡಿಸಿಕೊಂಡ ನಂತರ ನಾವು ಎಸೆಯುವುದು ಇದನ್ನು.

ಸುರುಳಿಯಿಂದ ಲೇಬಲ್ ಆಗುವವರೆಗೆ

ಮೂರು ಪದರಗಳ ಈ ಹಾಳೆ ಕಾರ್ಖಾನೆಯಿಂದ ದೊಡ್ಡ ಸುರುಳಿಯಾಗಿ ಬರುತ್ತದೆ. ಅದನ್ನು ಬೇಕಾದ ಅಗಲಕ್ಕೆ ಸೀಳುವುದು, ಮುದ್ರಿಸುವುದು, ಮೇಲೆ ವಾರ್ನಿಶ್ ಅಥವಾ ತೆಳು ಪ್ಲಾಸ್ಟಿಕ್ಕಿನ ಹೊದಿಕೆ ಕೊಡುವುದು, ಆಕಾರಕ್ಕೆ ಕತ್ತರಿಸುವುದು, ಸುತ್ತಲಿನ ವ್ಯರ್ಥ ಭಾಗವನ್ನು ಎಬ್ಬಿಸಿ ತೆಗೆಯುವುದು, ಸಣ್ಣ ಸುರುಳಿಗಳಾಗಿ ಸುತ್ತುವುದು, ಇಷ್ಟೂ ಕೆಲಸಗಳಿಗೆ ಒಟ್ಟಾಗಿ ‘ಕನ್ವರ್ಟಿಂಗ್’ ಎನ್ನುತ್ತಾರೆ. ಸುರುಳಿಯನ್ನು ಲೇಬಲ್ಲಾಗಿ ಪರಿವರ್ತಿಸುವ ಕೆಲಸ ಎಂದು ಇದರ ಅರ್ಥ.

ಇದರಲ್ಲಿ ಸೂಕ್ಷ್ಮವಾದುದು ಕತ್ತರಿಸುವ ಹಂತ. ‘ಡೈ’ ಎಂಬ ಉಕ್ಕಿನ ಅಲಗು ಮೇಲಿನ ಪದರವನ್ನೂ ಅಂಟನ್ನೂ ಕತ್ತರಿಸಬೇಕು. ಹಿಂಬದಿ ಕಾಗದವನ್ನು ಕತ್ತರಿಸಕೂಡದು. ಅಲಗು ಆಳಕ್ಕಿಳಿದರೆ ಹಿಂಬದಿ ಕಾಗದವೂ ಲೇಬಲ್ ಜೊತೆಗೇ ಹರಿದು ಬರುತ್ತದೆ. ಮೇಲೆಯೇ ನಿಂತರೆ ಲೇಬಲ್ ಬಿಡುವುದೇ ಇಲ್ಲ. ನಿಮಗೆ ಬಂದ ಲೇಬಲ್ಲುಗಳನ್ನು ಬಿಡಿಸುವಾಗ ಕಾಗದ ಹರಿಯುತ್ತಿದ್ದರೆ ದೋಷ ಹೆಚ್ಚಾಗಿ ಈ ಹಂತದ್ದು ಎಂದು ತಿಳಿಯಿರಿ.

ಮುದ್ರಣದ ವಿಧಾನಗಳು

ಆಫ್‌ಸೆಟ್: ಹಾಳೆಯ ಮೇಲೆ ಮುದ್ರಿಸುವ ಈ ವಿಧಾನ ನಮ್ಮ ಜಿಲ್ಲೆ, ತಾಲ್ಲೂಕು ಕೇಂದ್ರಗಳಲ್ಲಿಯೂ ದೊರೆಯುತ್ತದೆ. ಲಗ್ನಪತ್ರಿಕೆ, ಕರಪತ್ರ ಹೊಡೆಯುವ ಯಂತ್ರದಲ್ಲಿಯೇ ಅಂಟು ಹಾಳೆಯ ಮೇಲೂ ಮುದ್ರಿಸಬಹುದು. ಬಣ್ಣಕ್ಕೊಂದರಂತೆ ಪ್ಲೇಟು ಬೇಕು.

ಸ್ಕ್ರೀನ್ ಮುದ್ರಣ: ಜಾಲರಿಯ ಮೂಲಕ ಶಾಯಿ ಒತ್ತುವ ವಿಧಾನ. ಒಂದೆರಡು ಬಣ್ಣದ ಕೆಲವು ನೂರು ಲೇಬಲ್ಲುಗಳಿಗೆ, ಗೋಣಿಚೀಲ ಮತ್ತು ಡಬ್ಬಿಗಳಿಗೆ ಅನುಕೂಲ. ಸಣ್ಣ ಅಕ್ಷರಗಳು ಸ್ಪಷ್ಟವಾಗಿ ಮೂಡುವುದಿಲ್ಲ.

ಫ್ಲೆಕ್ಸೋ: ರಸ್ತೆಬದಿಯ ‘ಫ್ಲೆಕ್ಸ್’ ಫಲಕಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಮೆತ್ತಗಿನ ರಬ್ಬರಿನಂತಹ ಪ್ಲೇಟಿನಿಂದ ಸುರುಳಿಯ ಮೇಲೆ ವೇಗವಾಗಿ ಮುದ್ರಿಸುವ ವಿಧಾನ. ಮುದ್ರಣ, ಹೊದಿಕೆ, ಕತ್ತರಿಸುವಿಕೆ ಒಂದೇ ಓಟದಲ್ಲಿ ಮುಗಿಯುತ್ತದೆ. ಸಾವಿರಾರು ಲೇಬಲ್ ಬೇಕಾದಾಗ ಇದು ಅಗ್ಗ.

ಗ್ರೇವ್ಯೂರ್: ಬಿಸ್ಕತ್ತು, ಚಹಾಪುಡಿಗಳ ಬಣ್ಣದ ಪೊಟ್ಟಣಗಳು ಮುದ್ರಣವಾಗುವುದು ಬಹುಮಟ್ಟಿಗೆ ಹೀಗೆ. ಪ್ರತಿ ಬಣ್ಣಕ್ಕೂ ಕೊರೆದ ಲೋಹದ ಉರುಳೆ ಬೇಕಾಗುವುದರಿಂದ ಆರಂಭದ ಖರ್ಚು ಬಹಳ. ಸಣ್ಣ ಉತ್ಪಾದಕರಿಗೆ ಇದು ಹೊಂದುವುದಿಲ್ಲ. ಸಾದಾ ಪೊಟ್ಟಣ ಕೊಂಡು ಅದರ ಮೇಲೆ ಲೇಬಲ್ ಅಂಟಿಸುವುದೇ ಲೇಸು.

ಡಿಜಿಟಲ್: ಪ್ಲೇಟಿಲ್ಲದೆ ಗಣಕಯಂತ್ರದಿಂದ ನೇರವಾಗಿ ಮುದ್ರಿಸುವ ವಿಧಾನ. ನೂರು ಲೇಬಲ್ ಕೂಡ ಹೊಡೆಸಬಹುದು. ಒಂದೊಂದು ಲೇಬಲ್ಲಿಗೂ ಬೇರೆ ಬೇರೆ ಸಂಖ್ಯೆ ಕೊಡಬಹುದು. ಆದರೆ ಪ್ರತಿ ಲೇಬಲ್ಲಿನ ದರ ಹೆಚ್ಚು.

ಲೆಕ್ಕ ಹಾಕುವ ರೀತಿ

ಯಾವ ವಿಧಾನ ಲಾಭದಾಯಕ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಇಲ್ಲಿನ ದರಗಳು ಲೆಕ್ಕದ ರೀತಿ ತಿಳಿಯಲೆಂದು ಇಟ್ಟುಕೊಂಡವು. ನಿಮಗೆ ಮುದ್ರಕರು ಹೇಳುವ ದರಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಿರಿ.

ಫ್ಲೆಕ್ಸೋ ವಿಧಾನದಲ್ಲಿ ಪ್ಲೇಟು ಮತ್ತು ಡೈಗೆ ರೂ. 6,000, ಆಮೇಲೆ ಪ್ರತಿ ಲೇಬಲ್ಲಿಗೆ 60 ಪೈಸೆ ಎಂದಿಟ್ಟುಕೊಳ್ಳೋಣ. ಡಿಜಿಟಲ್ಲಿನಲ್ಲಿ ಆರಂಭದ ಖರ್ಚಿಲ್ಲ, ಪ್ರತಿ ಲೇಬಲ್ಲಿಗೆ ರೂ. 2.50 ಎಂದಿರಲಿ.

1,000 ಲೇಬಲ್ ಹೊಡೆಸಿದರೆ ಫ್ಲೆಕ್ಸೋ ಖರ್ಚು ರೂ. 6,600, ಎಂದರೆ ಒಂದಕ್ಕೆ ರೂ. 6.60. ಡಿಜಿಟಲ್ ಖರ್ಚು ರೂ. 2,500. 10,000 ಹೊಡೆಸಿದರೆ ಫ್ಲೆಕ್ಸೋ ರೂ. 12,000, ಎಂದರೆ ಒಂದಕ್ಕೆ ರೂ. 1.20. ಡಿಜಿಟಲ್ ರೂ. 25,000. ಎರಡೂ ಸರಿಸಮವಾಗುವ ಸಂಖ್ಯೆಯನ್ನು ತಿಳಿಯಲು ಆರಂಭದ ಖರ್ಚನ್ನು ದರಗಳ ವ್ಯತ್ಯಾಸದಿಂದ ಭಾಗಿಸಬೇಕು. 6,000 ಭಾಗಿಸು 1.90 ಎಂದರೆ ಸುಮಾರು 3,160 ಲೇಬಲ್. ಇದಕ್ಕಿಂತ ಕಡಿಮೆ ಬೇಕಾದರೆ ಡಿಜಿಟಲ್, ಹೆಚ್ಚು ಬೇಕಾದರೆ ಫ್ಲೆಕ್ಸೋ ಅಗ್ಗ.

ಆದರೆ ಲೆಕ್ಕ ಇಲ್ಲಿಗೇ ಮುಗಿಯಲಿಲ್ಲ. ಹತ್ತು ಸಾವಿರ ಹೊಡೆಸಿದವರು 4,000 ಮಾತ್ರ ಬಳಸಿ, ವಿಳಾಸವೋ ತೂಕವೋ ನಿಯಮವೋ ಬದಲಾಗಿ ಉಳಿದ 6,000 ವ್ಯರ್ಥವಾದರೆ, ಬಳಸಿದ ಒಂದೊಂದು ಲೇಬಲ್ಲಿಗೆ ಬಿದ್ದ ಬೆಲೆ ರೂ. 1.20 ಅಲ್ಲ, ರೂ. 3. ಅದೇ 4,000 ಲೇಬಲ್ಲನ್ನು ಡಿಜಿಟಲ್ಲಿನಲ್ಲಿ ಹೊಡೆಸಿದ್ದರೆ ರೂ. 10,000ದಲ್ಲಿ ಮುಗಿಯುತ್ತಿತ್ತು. ಮುದ್ರಿಸಿದ ಲೇಬಲ್ಲಿನ ಬೆಲೆಯನ್ನು ನೋಡಬಾರದು, ಮಾರಾಟವಾದ ಪೊಟ್ಟಣದ ಮೇಲೆ ಇರುವ ಲೇಬಲ್ಲಿನ ಬೆಲೆಯನ್ನು ನೋಡಬೇಕು. ಹೊಸದಾಗಿ ಮಾರಾಟಕ್ಕಿಳಿದವರು ಮೊದಲ ಹಂಗಾಮಿಗೆ ಕಡಿಮೆ ಸಂಖ್ಯೆಯಲ್ಲಿ ಡಿಜಿಟಲ್ ಲೇಬಲ್ ಹೊಡೆಸಿ, ಗಿರಾಕಿ ನೆಲೆನಿಂತ ಮೇಲೆ ಪ್ಲೇಟು ಮಾಡಿಸುವುದು ಒಳ್ಳೆಯದು.

ಉದ್ಯಮ ಸಾಗುತ್ತಿರುವ ದಿಕ್ಕು

ಲೇಬಲ್ ಉದ್ಯಮದಲ್ಲಿ ಈಗ ಕಂಡುಬರುವ ಮುಖ್ಯ ಬದಲಾವಣೆ ಎಂದರೆ ಆರ್ಡರುಗಳು ಸಣ್ಣವಾಗುತ್ತಿರುವುದು. ಒಬ್ಬನೇ ದೊಡ್ಡ ಗಿರಾಕಿಯ ಲಕ್ಷ ಲೇಬಲ್ಲಿಗೆ ಬದಲಾಗಿ ಹಲವು ಗಿರಾಕಿಗಳ, ಹಲವು ಬಗೆಯ, ಸಾವಿರ ಎರಡು ಸಾವಿರದ ಕೆಲಸಗಳು ಹೆಚ್ಚುತ್ತಿವೆ. ಡಿಜಿಟಲ್ ಯಂತ್ರಗಳು ಹರಡಲು ಇದೇ ಕಾರಣ. ಸಣ್ಣ ಉತ್ಪಾದಕರಾದ ನಿಮಗೆ ಇದು ಅನುಕೂಲವಾದ ಬದಲಾವಣೆ.

ಎರಡನೆಯದು ಪ್ರತಿ ಪೊಟ್ಟಣಕ್ಕೂ ಗುರುತು ಕೊಡುವ ಕ್ಯೂಆರ್ ಸಂಕೇತ. 2023ರ ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರ್ಕಾರ ಬೀಜದ ಮೂಲವನ್ನು ಪತ್ತೆಹಚ್ಚಲು ‘ಸಾಥಿ’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಅದರಲ್ಲಿ ಬೀಜದ ಚೀಲದ ಮೇಲಿನ ಸಂಕೇತವನ್ನು ಮೊಬೈಲಿನಿಂದ ನೋಡಿ ಆ ಬೀಜ ಎಲ್ಲಿಂದ ಬಂತೆಂದು ತಿಳಿಯಬಹುದು. ಇದೇ ರೀತಿ ಬೆಲ್ಲದ ಪೊಟ್ಟಣದ ಮೇಲೂ ಯಾವ ಗಾಣ, ಯಾವ ದಿನದ ಪಾಕ ಎಂಬುದನ್ನು ತಿಳಿಸಲು ಸಾಧ್ಯ.

ಮೂರನೆಯದು ಹಿಂಬದಿ ಕಾಗದವಿಲ್ಲದ ಲೇಬಲ್ ಮತ್ತು ಬಾಟಲಿಯ ಸುತ್ತ ಬಿಸಿಗಾಳಿಯಿಂದ ಕುಗ್ಗಿ ಕೂರುವ ತೋಳಿನಂತಹ ಲೇಬಲ್. ಇವುಗಳಿಗೆ ವಿಶೇಷ ಯಂತ್ರ ಬೇಕಾದುದರಿಂದ ಸದ್ಯಕ್ಕೆ ದೊಡ್ಡ ಉದ್ಯಮಗಳಿಗೆ ಹೊಂದುತ್ತವೆ.

ಉದ್ಯಮದ ತೊಡಕುಗಳು

ಪ್ಲಾಸ್ಟಿಕ್ ಹಾಳೆ, ಅಂಟುಗಳು ಬಹುಮಟ್ಟಿಗೆ ಪೆಟ್ರೋಲಿಯಂನಿಂದ ಬರುವ ವಸ್ತುಗಳು. ಅದರ ಬೆಲೆ ಏರಿಳಿದರೆ ಲೇಬಲ್ಲಿನ ದರವೂ ಅಲುಗಾಡುತ್ತದೆ. ಮುದ್ರಕರು ಹೇಳಿದ ದರ ಎಷ್ಟು ದಿನ ಊರ್ಜಿತ ಎಂಬುದನ್ನು ಬರೆಸಿಕೊಳ್ಳುವುದು ಇದಕ್ಕಾಗಿಯೇ ಅವಶ್ಯ.

ನುರಿತ ಕೆಲಸಗಾರರ ಕೊರತೆ ಮತ್ತೊಂದು ತೊಡಕು. ಬಣ್ಣ ಹೊಂದಿಸುವುದು, ಡೈ ಕೂರಿಸುವುದು ಕೈಪಳಗಿದವರ ಕೆಲಸ. ನಮ್ಮ ತಾಲ್ಲೂಕುಗಳ ವಿದ್ಯಾವಂತ ಯುವಕ ಯುವತಿಯರು ಈ ಕಸುಬನ್ನು ಕಲಿತರೆ ಊರಿನ ಸಮೀಪದಲ್ಲಿಯೇ ಉದ್ಯೋಗಕ್ಕೆ ಅವಕಾಶವಿದೆ.

ಹಿಂಬದಿ ಕಾಗದದ ವಿಲೇವಾರಿ ಇಡೀ ಜಗತ್ತಿನ ಲೇಬಲ್ ಉದ್ಯಮವನ್ನು ಕಾಡುತ್ತಿರುವ ಸಮಸ್ಯೆ. ಸಿಲಿಕೋನ್ ಲೇಪನ ಇರುವುದರಿಂದ ಸಾಮಾನ್ಯ ರದ್ದಿಯಂತೆ ಇದನ್ನು ಮತ್ತೆ ಕಾಗದ ಮಾಡುವುದು ಕಷ್ಟ. ಈ ಕಾಗದವನ್ನೂ ಪ್ಲಾಸ್ಟಿಕ್ ಲೇಬಲ್ಲಿನ ಚೂರುಗಳನ್ನೂ ಗಾಣದ ಒಲೆಗೆ ರವದಿಯ ಜೊತೆ ಹಾಕುವ ಅಭ್ಯಾಸ ಒಳ್ಳೆಯದಲ್ಲ. ಪ್ಲಾಸ್ಟಿಕ್ ಸುಟ್ಟ ಹೊಗೆ ಕೆಲಸಗಾರರ ಆರೋಗ್ಯಕ್ಕೆ ಕೆಡುಕು. ಬೇರೆ ಚೀಲದಲ್ಲಿ ಕೂಡಿಟ್ಟು ಮುದ್ರಕರಿಗೆ ಅಥವಾ ಕಸ ಸಂಗ್ರಹಿಸುವವರಿಗೆ ಕೊಡಿರಿ.

ಪದಾರ್ಥಕ್ಕೆ ತಕ್ಕ ಲೇಬಲ್

ಬೆಲ್ಲ: ಬೆಲ್ಲ ಗಾಳಿಯ ತೇವವನ್ನು ಹೀರುವ ಪದಾರ್ಥ. ಮಳೆಗಾಲದಲ್ಲಿ ಬೆಲ್ಲ ಬೆವರಿದಂತಾಗಿ ಪಾಕ ಜಿನುಗುತ್ತದೆ. ಪೊಟ್ಟಣದ ಹೊರಮೈಗೆ ಈ ಅಂಟು ಪಾಕ ತಗುಲಿದರೆ ಕಾಗದದ ಲೇಬಲ್ ಉಬ್ಬಿ, ಸುಕ್ಕುಗಟ್ಟಿ ಏಳುತ್ತದೆ. ಆದುದರಿಂದ ಬೆಲ್ಲಕ್ಕೆ ಪಾಲಿಪ್ರೊಪಿಲೀನ್ ಲೇಬಲ್, ಇಲ್ಲವೇ ಹೊದಿಕೆ ಕೊಟ್ಟ ಕಾಗದದ ಲೇಬಲ್ ಉತ್ತಮ. ಬಿಸಿ ಆರದ ಬೆಲ್ಲವನ್ನು ಪೊಟ್ಟಣ ಕಟ್ಟಿದರೆ ಒಳಗೆ ಹನಿಗೂಡುತ್ತದೆ. ಎಂಥ ಲೇಬಲ್ ಹಾಕಿದರೂ ಮಾಲು ಕೆಡುವುದು ತಪ್ಪುವುದಿಲ್ಲ.

ಅರಿಸಿನ ಪುಡಿ ಮತ್ತು ಬೆಲ್ಲದ ಪುಡಿ: ಪೊಟ್ಟಣದ ಹೊರಮೈ ಮೇಲೆ ನವಿರಾದ ಪುಡಿ ಕೂತಿರುತ್ತದೆ. ಅದರ ಮೇಲೆ ಲೇಬಲ್ ಅಂಟಿಸಿದರೆ ಅಂಟು ಪುಡಿಯನ್ನು ಹಿಡಿಯುತ್ತದೆಯೇ ಹೊರತು ಪೊಟ್ಟಣವನ್ನು ಹಿಡಿಯುವುದಿಲ್ಲ. ಪುಡಿ ತುಂಬುವ ಮೊದಲೇ ಖಾಲಿ ಪೊಟ್ಟಣಕ್ಕೆ ಲೇಬಲ್ ಅಂಟಿಸಿರಿ.

ಶೇಂಗಾ ಹಿಂಡಿ: ಎಣ್ಣೆಯ ಅಂಶ ಅಂಟನ್ನು ಸಡಿಲಿಸುತ್ತದೆ, ಕಾಗದವನ್ನು ಕಲೆಗಟ್ಟಿಸುತ್ತದೆ. ಪ್ಲಾಸ್ಟಿಕ್ ಲೇಬಲ್ಲೇ ಬೇಕು. ಶೇಂಗಾ ಕೆಲವರ ದೇಹಕ್ಕೆ ಒಗ್ಗದ ಪದಾರ್ಥವಾದುದರಿಂದ ‘ಶೇಂಗಾ ಇದೆ’ ಎಂಬ ಎಚ್ಚರಿಕೆಯನ್ನು ಲೇಬಲ್ಲಿನಲ್ಲಿ ತಿಳಿಸುವುದು ಕಡ್ಡಾಯ.

ಖಡಕ್ ರೊಟ್ಟಿ, ಒಣದ್ರಾಕ್ಷಿ: ಒಣಗಿದ ಪದಾರ್ಥವಾಗಿ, ಬೇಗ ಮಾರಾಟವಾಗುವುದಾದರೆ ಸಾಧಾರಣ ಕಾಗದದ ಲೇಬಲ್ ಸಾಕು. ಇಲ್ಲಿ ಹೆಚ್ಚಿನ ಖರ್ಚು ಅನಾವಶ್ಯಕ.

ಸೀರೆ: ರಬಕವಿ-ಬನಹಟ್ಟಿಯ ನೇಕಾರ ಕುಟುಂಬಗಳು ಸೀರೆಯ ಮೇಲೆ ಅಂಟು ಲೇಬಲ್ ಹಾಕಬಾರದು. ದಿನ ಕಳೆದಂತೆ ಅಂಟು ಎಳೆಗಳಿಗಿಳಿದು ಕಲೆಯಾಗುತ್ತದೆ. ದಾರದಿಂದ ಕಟ್ಟುವ ರಟ್ಟಿನ ಚೀಟಿ ಲೇಸು. ಕೈಮಗ್ಗದ ಬಟ್ಟೆಗಾದರೆ 2006ರಲ್ಲಿ ಜಾರಿಗೆ ಬಂದ ‘ಕೈಮಗ್ಗ ಗುರುತು’ ಚೀಟಿಯನ್ನು ಪಡೆಯಲು ಅವಕಾಶವಿದೆ. ವಿದ್ಯುತ್ ಮಗ್ಗದ ಬಟ್ಟೆಗೆ ಅದನ್ನು ಹಾಕುವಂತಿಲ್ಲ.

ಲೇಬಲ್ಲಿನಲ್ಲಿ ಏನೇನು ಇರಬೇಕು?

ಆಹಾರ ಪದಾರ್ಥದ ಪೊಟ್ಟಣಕ್ಕೆ 2020ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಲೇಬಲ್ಲು ಹಾಗೂ ಪ್ರದರ್ಶನ) ನಿಯಮಗಳು, 2011ರ ಕಾನೂನುಬದ್ಧ ಮಾಪನ (ಪೊಟ್ಟಣ ಸಾಮಗ್ರಿ) ನಿಯಮಗಳು ಅನ್ವಯಿಸುತ್ತವೆ. ಮುಖ್ಯ ಅಂಶಗಳು ಇವು.

1. ಪದಾರ್ಥದ ಹೆಸರು ಮತ್ತು ಅದರಲ್ಲಿ ಬಳಸಿದ ವಸ್ತುಗಳು. ಹೆಚ್ಚು ಇರುವುದು ಮೊದಲು ಬರಬೇಕು.
2. ತಯಾರಕರ ಹೆಸರು, ಪೂರ್ಣ ವಿಳಾಸ, ಗ್ರಾಹಕರು ದೂರು ಹೇಳಿಕೊಳ್ಳಲು ದೂರವಾಣಿ ಮುಂತಾದ ವಿವರ.
3. ನಿವ್ವಳ ತೂಕ, ಗ್ರಾಂ ಅಥವಾ ಕಿಲೋಗ್ರಾಂನಲ್ಲಿ.
4. ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಮತ್ತು ಏಕಮಾನ ಬೆಲೆ. ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಗ್ರಾಂ ಲೆಕ್ಕದಲ್ಲಿ ತಿಳಿಸಬೇಕು. 500 ಗ್ರಾಂ ಬೆಲ್ಲಕ್ಕೆ ರೂ. 60 ಆದರೆ ಒಂದು ಗ್ರಾಂಗೆ ರೂ. 0.12.
5. ತಯಾರಿಸಿದ ಅಥವಾ ಪೊಟ್ಟಣ ಕಟ್ಟಿದ ದಿನಾಂಕ, ಬಳಕೆಯ ಕೊನೆಯ ದಿನಾಂಕ ಮತ್ತು ತಂಡದ ಸಂಖ್ಯೆ.
6. ಎಫ್‌ಎಸ್‌ಎಸ್‌ಎಐ ಚಿಹ್ನೆ ಮತ್ತು 14 ಅಂಕಿಯ ನೋಂದಣಿ ಅಥವಾ ಪರವಾನಗಿ ಸಂಖ್ಯೆ.
7. ಸಸ್ಯಾಹಾರವೆಂದು ತೋರಿಸುವ, ಹಸಿರು ಚೌಕದೊಳಗಿನ ಹಸಿರು ಚುಕ್ಕೆ.
8. ಪೌಷ್ಟಿಕಾಂಶದ ವಿವರ. ಇದರಲ್ಲಿ ಕೆಲವು ವಿನಾಯಿತಿಗಳಿರುವುದರಿಂದ ನಿಮ್ಮ ಪದಾರ್ಥಕ್ಕೆ ಬೇಕೋ ಬೇಡವೋ ಎಂದು ಆಹಾರ ಸುರಕ್ಷತಾ ಅಧಿಕಾರಿಗಳಲ್ಲಿ ವಿಚಾರಿಸಿರಿ.

ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕೆಂದು ಕೇಂದ್ರದ ನಿಯಮ ಹೇಳುತ್ತದೆ. ಜೊತೆಗೆ ಬೇರೆ ಭಾಷೆಯನ್ನು ಬಳಸಲು ಅಡ್ಡಿಯಿಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ರ ಮೇರೆಗೆ, ರಾಜ್ಯದಲ್ಲಿ ತಯಾರಾಗುವ ಪದಾರ್ಥಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲಿಯೂ ಇರಬೇಕೆಂದು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಆದೇಶ ಹೊರಡಿಸಿತು. ಎರಡೂ ಭಾಷೆಗೆ ಸ್ಥಳ ಸಾಲುವಂತೆ ಲೇಬಲ್ಲಿನ ಅಳತೆಯನ್ನು ಮೊದಲೇ ನಿಶ್ಚಯಿಸಿರಿ. ಕನ್ನಡದ ಒತ್ತಕ್ಷರಗಳು ಅತಿ ಸಣ್ಣದಾದರೆ ಶಾಯಿ ತುಂಬಿ ಚುಕ್ಕೆಯಂತಾಗುತ್ತವೆ.

ಬರೆಯಬಾರದ ಮಾತುಗಳು

‘ಸಾವಯವ’ ಎಂಬ ಮಾತನ್ನು ಪ್ರಮಾಣಪತ್ರವಿಲ್ಲದೆ ಅಚ್ಚು ಹಾಕಿಸಬಾರದು. 2017ರ ಸಾವಯವ ಆಹಾರ ನಿಯಮಗಳ ಪ್ರಕಾರ ಇದಕ್ಕೆ ಪ್ರತ್ಯೇಕ ವ್ಯವಸ್ಥೆಯಿದೆ. ‘ರಾಸಾಯನಿಕ ಮುಕ್ತ’ ಎಂದು ಬರೆಸಿ ಬಣ್ಣಕ್ಕಾಗಿ ಹೈಡ್ರೋಸ್ ಹಾಕಿದರೆ ಲೇಬಲ್ಲೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 70 ಭಾಗ ಮೀರಬಾರದು ಎಂಬ ಮಿತಿಯಿದೆ.

ಅದೇ ರೀತಿ ನಮ್ಮ ಭಾಗದ ಬೆಲ್ಲಕ್ಕೆ ‘ಕೊಲ್ಹಾಪುರದ ಬೆಲ್ಲ’ ಎಂದು ಹೆಸರಿಡುವುದು ತಪ್ಪು. ಕೊಲ್ಹಾಪುರದ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಬೇರೆ ಪ್ರದೇಶದವರು ಆ ಹೆಸರನ್ನು ಬಳಸುವಂತಿಲ್ಲ. ನಿಮ್ಮ ಊರಿನ ಹೆಸರನ್ನೇ ಹಾಕಿರಿ. ಮಾಲು ಒಳ್ಳೆಯದಿದ್ದರೆ ಮುಧೋಳದ ಹೆಸರಿಗೂ ಬೆಲೆ ಬರುತ್ತದೆ.

ಲೇಬಲ್ ಹಾಕಿ ಪೊಟ್ಟಣ ಕಟ್ಟಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇಕಡಾ 5ರ ಸರಕು ಮತ್ತು ಸೇವಾ ತೆರಿಗೆಯನ್ನು ವಿಧಿಸಲಾಯಿತು. ನಿಮ್ಮ ವಹಿವಾಟಿಗೆ ನೋಂದಣಿ ಅವಶ್ಯವೋ ಇಲ್ಲವೋ ಎಂಬುದನ್ನು ಲೆಕ್ಕ ಬಲ್ಲವರಲ್ಲಿ ಕೇಳಿ, ಆಮೇಲೆ ಬೆಲೆ ನಿಶ್ಚಯಿಸಿರಿ.

ಬದಲಾಗುವ ವಿವರಕ್ಕೆ ಖಾಲಿ ಜಾಗ

ದಿನಾಂಕ, ತಂಡದ ಸಂಖ್ಯೆ, ಬೆಲೆ ಇವು ಪದೇ ಪದೇ ಬದಲಾಗುತ್ತವೆ. ಇವನ್ನು ಪ್ಲೇಟಿನಲ್ಲಿ ಸೇರಿಸಿ ಮುದ್ರಿಸಿದರೆ ಬೆಲೆ ಬದಲಾದ ದಿನವೇ ಉಳಿದ ಲೇಬಲ್ಲೆಲ್ಲ ರದ್ದಿ. ಅವುಗಳಿಗೆ ಖಾಲಿ ಚೌಕ ಬಿಡಿಸಿ, ಪೊಟ್ಟಣ ಕಟ್ಟುವ ದಿನ ಮುದ್ರೆಯಿಂದಲೋ ಸಣ್ಣ ಯಂತ್ರದಿಂದಲೋ ಅಚ್ಚು ಹಾಕಿರಿ. ಯಂತ್ರ ಕೊಳ್ಳುವುದಾದರೆ ಶಾಯಿಪಟ್ಟಿ ಬಳಸುವ ಬಗೆಯದನ್ನು ಆರಿಸಿರಿ. ಶಾಯಿಪಟ್ಟಿಯಿಲ್ಲದೆ ಬರಿಯ ಕಾವಿನಿಂದ ಮೂಡುವ ಅಕ್ಷರ ಬಿಸಿಲಿಗೆ, ಸೆಖೆಗೆ ಮಾಸಿಹೋಗುತ್ತದೆ.

ಈಗಾಗಲೇ ಮುದ್ರಿತವಾದ ವಿವರವನ್ನು ಬದಲಿಸಲು ಅದರ ಮೇಲೆ ಮತ್ತೊಂದು ಸ್ಟಿಕ್ಕರ್ ಅಂಟಿಸಲು ಮಾಪನ ನಿಯಮಗಳಲ್ಲಿ ಅವಕಾಶವಿಲ್ಲ. ಬೆಲೆ ಇಳಿಸಿದಾಗ ಮಾತ್ರ ಹಳೆಯ ಬೆಲೆ ಮುಚ್ಚದಂತೆ ಹೊಸ ಬೆಲೆಯ ಚೀಟಿ ಅಂಟಿಸಬಹುದು. ಖಾಲಿ ಚೌಕ ಬಿಡಬೇಕೆಂದು ಒತ್ತಿ ಹೇಳಲು ಇದೂ ಒಂದು ಕಾರಣ.

ಮುದ್ರಣಾಲಯಕ್ಕೆ ಹೋಗುವಾಗ

1. ನಿಮ್ಮ ಪೊಟ್ಟಣ ಅಥವಾ ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಪಾಲಿಥೀನ್ ಮೇಲೆ ಹಿಡಿಯದ ಅಂಟು ಗಾಜಿನ ಮೇಲೆ ಚೆನ್ನಾಗಿ ಹಿಡಿಯಬಹುದು.
2. ಆಹಾರದ ಪೊಟ್ಟಣಕ್ಕೆ ಬಳಸುವ ಶಾಯಿ ಐಎಸ್ 15495 ಮಾನಕಕ್ಕೆ ಹೊಂದಿರಬೇಕು. ಮುದ್ರಿತ ಮೈ ಆಹಾರಕ್ಕೆ ತಾಗಕೂಡದು. ಬೆಲ್ಲವನ್ನು ಸುದ್ದಿಪತ್ರಿಕೆಯಲ್ಲಿ ಸುತ್ತುವುದೂ ನಿಷಿದ್ಧ.
3. ಗಡಿಯಾಚೆಯ ಸಾಂಗಲಿ, ಕೊಲ್ಹಾಪುರ ಅಥವಾ ದೂರದ ಶಿವಕಾಶಿಯಲ್ಲಿ ಮುದ್ರಿಸುವುದಾದರೆ ಕನ್ನಡ ಅಕ್ಷರಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅಲ್ಲಿನ ಗಣಕಯಂತ್ರದಲ್ಲಿ ನಿಮ್ಮ ಕನ್ನಡ ಅಕ್ಷರವಿನ್ಯಾಸ ಇಲ್ಲದಿದ್ದರೆ ಪದಗಳು ಕಲಸಿಹೋಗುತ್ತವೆ. ಅಕ್ಷರಗಳನ್ನು ಚಿತ್ರರೇಖೆಗಳಾಗಿ ಪರಿವರ್ತಿಸಿದ ಕಡತವನ್ನೇ ಕಳುಹಿಸಿರಿ.
4. ಪಟ್ಟಿ ಸಂಕೇತ, ಎಂದರೆ ಬಾರ್‌ಕೋಡ್ ಇದ್ದರೆ, ಬಿಳಿಯ ಮೇಲೆ ಕಪ್ಪು ಗೆರೆಗಳೇ ಇರಲಿ. ಓದುವ ಯಂತ್ರ ಸಾಮಾನ್ಯವಾಗಿ ಕೆಂಪು ಬೆಳಕನ್ನು ಬಳಸುವುದರಿಂದ ಕೆಂಪು ಗೆರೆಗಳು ಅದಕ್ಕೆ ಕಾಣುವುದಿಲ್ಲ.
5. ಕರಡು ಪ್ರತಿಯನ್ನು ಇಬ್ಬರು ಓದಿರಿ. ಒಬ್ಬರು ಗಟ್ಟಿಯಾಗಿ ಓದಬೇಕು, ಮತ್ತೊಬ್ಬರು ನೋಂದಣಿ ಪತ್ರ ಹಿಡಿದು ಅಂಕಿ ಅಂಕಿಯಾಗಿ ತಾಳೆ ನೋಡಬೇಕು. ಸಹಿ ಹಾಕಿದ ಕರಡಿನ ಒಂದು ಪ್ರತಿ ನಿಮ್ಮಲ್ಲಿರಲಿ.
6. ಪ್ಲೇಟು, ಡೈಗೆ ಹಣ ಕೊಟ್ಟಿದ್ದರೆ ಅವು ಯಾರ ಸ್ವತ್ತು, ಎಷ್ಟು ದಿನ ಕಾಪಾಡುತ್ತಾರೆ ಎಂದು ರಸೀದಿಯಲ್ಲಿ ಬರೆಸಿರಿ.

ಅಂಟಿಸುವ ಮೊದಲು ಪರೀಕ್ಷೆ

ಪೂರ್ತಿ ಮುದ್ರಿಸುವ ಮುನ್ನ ಅದೇ ಹಾಳೆ, ಅದೇ ಅಂಟಿನ ಹತ್ತು ಮಾದರಿಗಳನ್ನು ಕೇಳಿ ಪಡೆಯಿರಿ. ಮಾಲು ತುಂಬಿದ ಪೊಟ್ಟಣಗಳಿಗೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿರಿ. ಅಂಟು ಪೂರ್ತಿ ಹಿಡಿಯಲು ಸುಮಾರು 24 ಗಂಟೆ ಬೇಕು. ಆಮೇಲೆ ಎರಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿರಿ. ಎರಡನ್ನು ಬಿಸಿಲಿಗೆ ಇಡಿರಿ. ಎರಡಕ್ಕೆ ಎಣ್ಣೆಯ ಬೆರಳಿನಿಂದ ಉಜ್ಜಿರಿ. ಎರಡನ್ನು ಮೂಟೆಯಲ್ಲಿ ಹಾಕಿ ಬಸ್ಸಿನಲ್ಲೋ ಟೆಂಪೋದಲ್ಲೋ ಒಂದು ಸಲ ಕಳುಹಿಸಿ ತರಿಸಿರಿ. ಉಳಿದ ಎರಡನ್ನು ಹೋಲಿಸಿ ನೋಡಲು ಇಟ್ಟುಕೊಳ್ಳಿರಿ. ಮೂಲೆ ಏಳದಿದ್ದರೆ, ಅಕ್ಷರ ಅಳಿಯದಿದ್ದರೆ ಮುದ್ರಣಕ್ಕೆ ಒಪ್ಪಿಗೆ ಕೊಡಿರಿ.

ಲೇಬಲ್ಲುಗಳನ್ನು ಗಾಣದ ಒಲೆಯ ಬಳಿ, ತಗಡಿನ ಸೂರಿನ ಕೆಳಗೆ ಇಡಬಾರದು. ನಮ್ಮಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಸೆಖೆಗೆ ಅಂಟು ಅಂಚಿನಿಂದ ಒಸರಿ ಸುರುಳಿಯೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ, ತಂಪಾದ ಕೋಣೆಯಲ್ಲಿ, ನೆಲದಿಂದ ಮೇಲಿಡಿರಿ. ಮೊದಲು ಬಂದದ್ದನ್ನು ಮೊದಲು ಬಳಸಿರಿ.

ಒಬ್ಬೊಬ್ಬರೇ ಸಣ್ಣ ಸಂಖ್ಯೆಯಲ್ಲಿ ಹೊಡೆಸುವ ಬದಲು ಊರಿನ ನಾಲ್ಕೈದು ಗಾಣದವರು ಒಂದೇ ಅಳತೆಯ ಲೇಬಲ್ಲನ್ನು ಒಪ್ಪಿಕೊಂಡರೆ ಒಂದೇ ಡೈ ಎಲ್ಲರಿಗೂ ಸಾಕಾಗುತ್ತದೆ. ಹೆಸರು, ನೋಂದಣಿ ಸಂಖ್ಯೆ ಮಾತ್ರ ಬೇರೆ ಬೇರೆ. ರೈತ ಉತ್ಪಾದಕ ಸಂಸ್ಥೆಗಳು ಈ ಕೆಲಸವನ್ನು ಸುಲಭವಾಗಿ ಸಂಘಟಿಸಬಹುದು. ಮುಂದಿನ ಹಂಗಾಮಿನಲ್ಲಿ ಗಾಣ ಹೂಡುವ ಮುನ್ನವೇ ಎಷ್ಟು ಪೊಟ್ಟಣ ಮಾರಬಲ್ಲೆವು ಎಂದು ಅಂದಾಜು ಮಾಡಿ, ಅಷ್ಟಕ್ಕೇ ಲೇಬಲ್ ಹೊಡೆಸಿರಿ. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಪ್ರತಿ ಸಲ ಮುದ್ರಣಕ್ಕೆ ಕೊಡುವ ಮುನ್ನ ಆಹಾರ ಸುರಕ್ಷತೆ ಮತ್ತು ಕಾನೂನು ಮಾಪನ ಇಲಾಖೆಯ ಅಧಿಕಾರಿಗಳಲ್ಲಿ ವಿಚಾರಿಸಿರಿ. ಪದಾರ್ಥದ ಗುಣಮಟ್ಟ ಮತ್ತು ಪೊಟ್ಟಣ ಕಟ್ಟುವ ಬಗ್ಗೆ ಹೆಚ್ಚಿನ ತಿಳುವಳಿಕೆಗೆ ನಿಮ್ಮ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.